ಮಾವನ ಪಾಲಿನ ದಂಟು

ಆ ಮನೆಗೆ ಸೊಪ್ಪು ಬಂದ ದಿನ ಅಡುಗೆಮನೆಯ ನೆಲದ ಮೇಲೆ ಎರಡು ರಾಶಿ ಬೀಳುತ್ತಿದ್ದವು. ಅತ್ತೆ ಕಾಲು ಮಡಿಸಿ ಕೂತು, ಕಟ್ಟು ಬಿಚ್ಚಿ, ಎಲೆಯನ್ನು ಚಿವುಟಿ ಎಡಕ್ಕೆ ಹಾಕುತ್ತಿದ್ದರು. ದಂಟಿನ ನಾರು ಸುಲಿದು, ಬೆರಳುದ್ದ ಮುರಿದು ಬಲಕ್ಕೆ. ಎಲೆ ಮನೆಮಂದಿಗೆಲ್ಲ, ದಂಟು ಮಾವನಿಗೆ. ಅದೂ ಕೈಗೆ ಬಂದಷ್ಟಲ್ಲ, ಅಂಚು ಸೊಟ್ಟಗಾದ ಒಂದು ಸ್ಟೀಲ್ ಬಟ್ಟಲಿಗೆ ತಲೆತಟ್ಟಿ ತುಂಬಿದಷ್ಟು. ಪ್ರತಿ ಸಲವೂ ಅಷ್ಟೇ. ಮದುವೆಯಾಗಿ ಬಂದಂದಿನಿಂದ ಸೊಸೆ ಇದನ್ನು ನೋಡುತ್ತಲೇ ಬಂದಿದ್ದಳು, ಅವಳಿಗೆ ಅದೇನೂ ವಿಶೇಷ ಅನಿಸಿರಲಿಲ್ಲ. ಒಂದೊಂದು ಮನೆಗೆ ಒಂದೊಂದು ರೂಢಿ.

ಅನಿಸಿದ್ದು ಆ ಚಾರ್ಟು ನೋಡಿದ ಮೇಲೆ. ಸೊಸೆ ಕೆಲಸಕ್ಕಿದ್ದದ್ದು ತರಕಾರಿ ಪ್ಯಾಕ್ ಮಾಡುವ ಶೆಡ್ಡಿನಲ್ಲಿ. ತೊಳೆದು, ಕೊಳೆತದ್ದನ್ನು ಆರಿಸಿ, ತೂಗಿ, ಕವರಿಗೆ ತುಂಬಿ ಸೀಲ್ ಹಾಕುವ ಕೆಲಸ. ಒಂದು ದಿನ ಅಲ್ಲಿಗೆ ಪೌಷ್ಟಿಕ ಆಹಾರದ ಬಗ್ಗೆ ಹೇಳಿಕೊಡುವ ಮೇಡಂ ಒಬ್ಬರು ಬಂದರು. ಸೊಪ್ಪಿನ ದೊಡ್ಡ ಚಿತ್ರ ಗೋಡೆಗೆ ತೂಗುಹಾಕಿ, ಬೇರಿನಿಂದ ತುದಿಯವರೆಗೆ ಕೋಲು ಆಡಿಸಿದರು. ದಂಟಿನಲ್ಲಿ ಹೆಚ್ಚಾಗಿ ನಾರು ಮತ್ತು ನೀರು. ಕಬ್ಬಿಣ, ಸುಣ್ಣ, ಜೀವಸತ್ವ ಬಹುಪಾಲು ಎಲೆಯಲ್ಲಿ. ಎಲೆ ಕಡುಹಸಿರಾದಷ್ಟೂ ಸತ್ವ ಹೆಚ್ಚು. "ಎಲೆ ಬಿಟ್ಟು ದಂಟು ತಿನ್ನೋದು ಅಂದ್ರೆ ಹಣ್ಣು ಬಿಟ್ಟು ಸಿಪ್ಪೆ ತಿಂದ ಹಾಗೆ," ಎಂದರು. ಹೆಂಗಸರೆಲ್ಲ ನಕ್ಕರು. ಸೊಸೆಗೆ ನಗು ಬರಲಿಲ್ಲ. ಅವಳ ಕಣ್ಣ ಮುಂದೆ ಆ ಸೊಟ್ಟಂಚಿನ ಬಟ್ಟಲು ಬಂತು.

ಅವತ್ತು ರಾತ್ರಿ ಊಟಕ್ಕೆ ಕೂತಾಗಲೇ ಶುರುಮಾಡಿದಳು.

"ಅತ್ತೆ, ಮಾವನಿಗೂ ನಾಲ್ಕು ಎಲೆ ಹಾಕಿ."

"ಅವರಿಗೆ ಎಲೆ ಆಗಲ್ಲ."

"ಆಗಲ್ಲ ಅಂದ್ರೆ?"

"ಆಗಲ್ಲ ಅಂದ್ರೆ ಆಗಲ್ಲ. ಅದಕ್ಕೊಂದು ಕಥೆ ಬೇಕಾ ನಿಂಗೆ?"

"ಸತ್ವ ಎಲ್ಲ ಎಲೆಯಲ್ಲೇ ಇರೋದಂತೆ. ನಮ್ ಶೆಡ್ಡಲ್ಲಿ ಚಾರ್ಟ್ ಹಾಕಿ ತೋರಿಸಿದ್ರು."

ಗಂಡ ತಟ್ಟೆಯಿಂದ ತಲೆಯೆತ್ತಿ, "ಮೇಡಂ ಬಂದಿದ್ದಾರೆ, ಎಲ್ಲ ಎದ್ದು ನಿಂತ್ಕೊಳ್ಳಿ," ಎಂದ. ಮನೆಮನೆ ತಿರುಗಿ ನೀರಿನ ಮೀಟರು ಓದುವವನು ಅವನು. ದಿನವಿಡೀ ಕಂಡವರ ಬೈಗುಳ ಕೇಳಿ ಬರುತ್ತಿದ್ದುದರಿಂದ ಮನೆಯ ಜಗಳವೆಲ್ಲ ಅವನಿಗೆ ತಮಾಷೆಯೇ.

ಅತ್ತೆ ನಗಲಿಲ್ಲ. "ಚಾರ್ಟ್ ನೋಡ್ಕೊಂಡು ಗಂಡನ್ನ ಉಳಿಸ್ಕೊಂಡವಳಲ್ಲ ನಾನು," ಎಂದು ಅನ್ನದ ಪಾತ್ರೆಗೆ ಮುಚ್ಚಳ ಬಡಿದರು.

ಮಾವ ದಂಟನ್ನು ಅಗಿದು, ಚರಟವನ್ನು ತಟ್ಟೆಯ ಅಂಚಿಗೆ ಒಪ್ಪವಾಗಿಟ್ಟರು. "ಇದೂ ಚೆನ್ನಾಗೇ ಇದೆಯಮ್ಮ," ಎಂದರು. ಜೀವಮಾನವೆಲ್ಲ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿದ ಮನುಷ್ಯ, ಮಾತು ಕಮ್ಮಿ. ಎಷ್ಟೋ ವರ್ಷದ ಹಿಂದೆ ಎದೆ ಕುಯ್ಯಿಸಿಕೊಂಡು ಒಳಗೆ ಲೋಹದ ಕವಾಟ ಕೂರಿಸಿಕೊಂಡಿದ್ದರು. ದಿನಕ್ಕೊಂದು ಮಾತ್ರೆ, ತಿಂಗಳಿಗೊಂದು ರಕ್ತಪರೀಕ್ಷೆ. ಅದು ಎದೆಯ ಮಾತ್ರೆ ಎಂದಷ್ಟೇ ಸೊಸೆಗೆ ಗೊತ್ತು. ಅದು ಎದೆಯೊಳಗೆ ಏನು ಮಾಡುತ್ತದೆ ಎಂದು ಅವಳು ಕೇಳಿರಲಿಲ್ಲ, ಅತ್ತೆ ಹೇಳಿರಲಿಲ್ಲ. ಕಾರಣ ಕೊಡುವುದೆಂದರೆ ಅತ್ತೆಗೆ ತಮ್ಮ ಅಧಿಕಾರಕ್ಕೇ ಕುಂದು ಬಂದ ಹಾಗೆ.

ಸೊಸೆ ತನ್ನದೇ ಕಾರಣ ಹುಡುಕಿಕೊಂಡಳು. ಹಾಲಿನ ಕೆನೆ ಮಗನಿಗೆ, ಮೊದಲ ಬಿಸಿರೊಟ್ಟಿ ಮಗನಿಗೆ. ದುಡಿಯುವವನಿಗೆ ಸತ್ವ, ದುಡಿದು ಮುಗಿಸಿದವನಿಗೆ ದಂಟು. ಬಾಯಿಲ್ಲದ ಮನುಷ್ಯ, ಹಾಕಿದ್ದು ತಿನ್ನುತ್ತಾರೆ. ಹೀಗೆ ಲೆಕ್ಕ ಹಾಕಿದ ಮೇಲೆ ಅವಳಿಗೆ ಮಾವನ ಮೇಲೆ ಕರುಣೆಯೂ ಅತ್ತೆಯ ಮೇಲೆ ಸಿಟ್ಟೂ ಒಟ್ಟಿಗೇ ಉಕ್ಕಿದವು. ಯಾವುದು ಹೆಚ್ಚು ಎಂದು ಆಗ ಯಾರಾದರೂ ಕೇಳಿದ್ದರೆ ಕರುಣೆ ಎನ್ನುತ್ತಿದ್ದಳು. ಈಗ ಕೇಳಿದರೆ ತಲೆ ತಗ್ಗಿಸುತ್ತಾಳೆ.

ಶೆಡ್ಡಿನಲ್ಲಿ ಕವರಿಗೆ ಒಪ್ಪದ, ತುಸು ನಲುಗಿದ ಎಲೆಗಳನ್ನು ಕೆಲಸದವರು ಮನೆಗೆ ಒಯ್ಯಬಹುದಿತ್ತು. ಮರುದಿನದಿಂದ ಅವಳ ಚೀಲದಲ್ಲಿ ಕಡುಹಸಿರು ಎಲೆ ಬರತೊಡಗಿತು. ಸಂಜೆ ಅತ್ತೆ ಒಣಗಿದ ಬಟ್ಟೆ ತೆಗೆಯಲು ಮಹಡಿಗೆ ಹೋದೊಡನೆ, ಇವಳು ಎರಡು ಹಿಡಿ ಎಲೆ ಬೇಯಿಸಿ, ಮಸೆದು, ಮಾವನ ಬಟ್ಟಲಿನ ಬೇಳೆಗೆ ಕಲಸಿ ಮುಚ್ಚಿಡುತ್ತಿದ್ದಳು. ಊಟಕ್ಕೆ ಬಡಿಸುವವಳೂ ಅವಳೇ ಆದ್ದರಿಂದ ತೊಂದರೆ ಇರಲಿಲ್ಲ. ಮೊದಲ ದಿನ ಮಾವ ಬಟ್ಟಲಲ್ಲಿ ಹಸಿರು ಕಂಡು ಒಂದು ಗಳಿಗೆ ಕೈ ತಡೆದರು. ಹೆಂಡತಿಯ ಕಡೆ ನೋಡಿದರು. ಆಮೇಲೆ ಸದ್ದಿಲ್ಲದೆ ತಿಂದರು, ಬಟ್ಟಲನ್ನು ಬೆರಳಲ್ಲಿ ಬಳಿದು ತಿಂದರು. ಸೊಸೆಗೆ ಹೊಟ್ಟೆ ತುಂಬಿದ್ದು ಅವತ್ತು.

ಹೀಗೆ ಮೂರ್ನಾಲ್ಕು ವಾರ ನಡೆಯಿತು. ರಕ್ತಪರೀಕ್ಷೆಯ ದಿನ ಅತ್ತೆಯೂ ಗಂಡನೂ ಮಾವನನ್ನು ಕರೆದುಕೊಂಡು ಹೋದರು. ಬಂದಾಗ ಅತ್ತೆಯ ಮುಖ ಬಿಗಿದಿತ್ತು. ಮಾವ ನೇರ ಒಳಗೆ ಹೋಗಿ ಮಲಗಿಕೊಂಡರು.

"ರಕ್ತ ಗಟ್ಟಿ ಆಗಿದೆಯಂತೆ," ಎಂದ ಗಂಡ, ಚಪ್ಪಲಿ ಬಿಡುತ್ತ. "ಇಷ್ಟು ವರ್ಷದಲ್ಲಿ ಹೀಗಾಗಿದ್ದು ಇದೇ ಮೊದಲಂತೆ. ಮಾತ್ರೆ ಜಾಸ್ತಿ ಮಾಡಿದ್ದಾರೆ."

"ಗಟ್ಟಿ ಆದ್ರೆ ಒಳ್ಳೇದಲ್ವಾ?" ಎಂದಳು ಸೊಸೆ.

"ಏನು ಒಳ್ಳೇದು? ಆ ಕವಾಟದ ಹತ್ರ ಹೆಪ್ಪುಗಟ್ಟಿದ್ರೆ ಮುಗೀತು ಕಥೆ. ರಕ್ತ ತೆಳ್ಳಗಿರ್ಲಿ ಅಂತಾನೇ ಆ ಮಾತ್ರೆ ಕೊಡೋದು. ಸೊಪ್ಪಿನ ಎಲೆಯಲ್ಲಿ ರಕ್ತ ಗಟ್ಟಿ ಮಾಡೋ ಅಂಶ ಇದೆಯಂತೆ, ಅದು ಜಾಸ್ತಿ ಆದ್ರೆ ಮಾತ್ರೆ ಕೆಲಸ ಮಾಡಲ್ವಂತೆ."

ಸೊಸೆ ಎಲೆಯ ಚೀಲವನ್ನು ಕಾಲಿನಿಂದ ಬಾಗಿಲ ಹಿಂದಕ್ಕೆ ಸರಿಸಿದಳು.

"ನಿಮ್ಮ ಮಾವನ್ನ ಹೊರಗೆ ಕೂರಿಸಿ, ಸೊಪ್ಪು ಏನಾದ್ರೂ ಜಾಸ್ತಿ ಮಾಡಿದ್ರಾ ಅಂತ ಕೇಳಿದ್ರು," ಅತ್ತೆ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. "ನನ್ನನ್ನ ಕೇಳ್ತಾರೆ ನೋಡು. ಎದೆ ತಟ್ಟಿ ಹೇಳಿ ಬಂದೆ, ನನ್ನ ಕೈಯಲ್ಲಿ ಒಂದು ಎಲೆ ಹೆಚ್ಚುಕಮ್ಮಿ ಆಗಲ್ಲ ಡಾಕ್ಟ್ರೆ ಅಂತ."

ಹೇಳುವುದಿದ್ದರೆ ಅದೇ ಹೊತ್ತು. ಬಾಗಿಲಲ್ಲಿ ಇನ್ನೂ ಚಪ್ಪಲಿ ಬಿಸಿಯಿತ್ತು, ಡಾಕ್ಟರ ಫೋನ್ ನಂಬರು ಗಂಡನ ಜೇಬಿನಲ್ಲಿತ್ತು. ಸೊಸೆ ತುಟಿ ಪಿಟಕ್ಕೆನ್ನಲಿಲ್ಲ. ಬಿಸಿ ತುಪ್ಪ, ಉಗುಳಲೂ ಆಗದು ನುಂಗಲೂ ಆಗದು. ಹೇಳಿದರೆ ಅತ್ತೆ ಜನ್ಮವಿಡೀ ಚಾರ್ಟು ಚಾರ್ಟು ಎಂದು ಕುಟುಕುತ್ತಾರೆ. ಹೇಗೂ ಏನೂ ಆಗಿಲ್ಲವಲ್ಲ, ಇವತ್ತಿಗೇ ನಿಲ್ಲಿಸಿಬಿಡುತ್ತೇನೆ, ಅಲ್ಲಿಗೆ ಸರಿಹೋಯಿತು. ಅವತ್ತು ತಂದ ಎಲೆಯನ್ನು ಪಕ್ಕದ ಮನೆಯವರಿಗೆ ಕೊಟ್ಟಳು. ಮಾವನಿಗೆ ಬರೀ ಬೇಳೆ ಬಡಿಸಿ, ತಪ್ಪು ತಿದ್ದಿಕೊಂಡೆ ಎಂದುಕೊಂಡಳು.

ಅವಳು ಮಾಡಿದ ದೊಡ್ಡ ತಪ್ಪು ಅದೇ. ಡಾಕ್ಟರು ಮಾತ್ರೆ ಏರಿಸಿದ್ದು ಎಲೆ ತಿನ್ನುತ್ತಿದ್ದ ಮೈಯ ರಕ್ತ ನೋಡಿ. ಈಗ ಎಲೆ ನಿಂತಿತು, ಏರಿದ ಮಾತ್ರೆ ನಿಲ್ಲಲಿಲ್ಲ. ಗಟ್ಟಿಯಾಗಿದ್ದ ರಕ್ತ ಇರಬೇಕಾದ್ದಕ್ಕಿಂತ ತೆಳ್ಳಗಾಗುತ್ತ ಹೋಯಿತು, ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಎರಡು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಮಾವ ಹಲ್ಲುಜ್ಜಲು ಹೋದವರು ಬರಲೇ ಇಲ್ಲ. ಗಂಡ ಹೋಗಿ ನೋಡಿದರೆ ಬೇಸಿನ್ ತುಂಬ ಕೆಂಪು. ವಸಡಿನಿಂದ ಬಂದದ್ದು ನಿಲ್ಲಲಿಲ್ಲ, ಮೂಗಿನಿಂದಲೂ ಶುರುವಾಯಿತು. ಅಂಗಿ ಬದಲಿಸಲು ತೋಳು ಎತ್ತಿದರೆ ಬೆನ್ನ ಮೇಲೆ, ಮೊಣಕೈ ಹಿಂದೆ ನೀಲಿಗಟ್ಟಿದ ಕಲೆಗಳು. "ನೋವಿಲ್ಲ ಬಿಡ್ರೋ," ಎನ್ನುತ್ತಲೇ ಇದ್ದರು ಮಾವ, ಬಾಯಿಗೆ ಟವೆಲ್ ಒತ್ತಿಕೊಂಡು. ಆಟೋದಲ್ಲಿ ಅತ್ತೆ ಅವರ ತಲೆಯನ್ನು ತಮ್ಮ ಭುಜಕ್ಕೆ ಒರಗಿಸಿಕೊಂಡಿದ್ದರು, ಭುಜವೆಲ್ಲ ನೆನೆದುಹೋಯಿತು.

ಆಸ್ಪತ್ರೆಯ ಡ್ಯೂಟಿ ಡಾಕ್ಟರು ರಿಪೋರ್ಟು ನೋಡಿ ಹುಬ್ಬೇರಿಸಿದರು. "ಮಾತ್ರೆ ಕೊಡೋರು ಯಾರು?"

"ನಾನು," ಎಂದರು ಅತ್ತೆ.

"ಮರೆತು ಎರಡೆರಡು ಸಲ ಕೊಟ್ಟಿದ್ದೀರಾ?"

"ಇಲ್ಲ."

"ಸರಿಯಾಗಿ ಯೋಚನೆ ಮಾಡಿ ಹೇಳಿ. ಇಷ್ಟು ತೆಳ್ಳಗಾಗ್ಬೇಕಾದ್ರೆ ಏನೋ ಆಗಿದೆ."

ಗಂಡ ಮನೆಗೆ ಓಡಿ ಮಾತ್ರೆಯ ಡಬ್ಬಿ ತಂದ. ಅದರಲ್ಲಿ ಹಳೆಯ ಸ್ಟ್ರಿಪ್ಪು, ಹೊಸ ಸ್ಟ್ರಿಪ್ಪು, ಅರ್ಧ ಮುರಿದ ಚೂರುಗಳು ಎಲ್ಲ ಕಲಸಿಹೋಗಿದ್ದವು. ಅದರಿಂದ ಏನೂ ಬಗೆಹರಿಯಲಿಲ್ಲ. ಅಷ್ಟರಲ್ಲಿ ಊರ ಆಚೆ ಬದಿಯಿಂದ ನಾದಿನಿ ಬಂದಳು. ಶಾಲೆಯೊಂದರಲ್ಲಿ ಗುಮಾಸ್ತೆ, ಯಾವುದನ್ನೂ ನೇರವಾಗಿ ಕೇಳುವವಳು.

"ಅಮ್ಮ, ಹೋದ ವಾರ ನೀನು ಹಾಲಿಟ್ಟು ಮರೆತು ಪಾತ್ರೆ ಸೀದುಹೋಗಿತ್ತು ಅಂದ್ಯಲ್ಲ."

"ಫೋನ್ ಮಾಡಿದವಳು ನೀನೇ ಕಣೇ. ನಿನ್ನ ಜೊತೆ ಮಾತಾಡ್ತಾ ಸೀದಿದ್ದು."

"ಆದ್ರೂ ಮರೆತೆ ತಾನೇ?"

ಅತ್ತೆ ಬೆರಳು ಮಡಿಸಿ ಏನನ್ನೋ ಎಣಿಸತೊಡಗಿದರು. ಸೋಮವಾರ ಊಟ ಆದ ಮೇಲೆ ಕೊಟ್ಟೆ, ಮಂಗಳವಾರ... ಮಂಗಳವಾರ ಯಾವಾಗ ಕೊಟ್ಟೆ? ಗೋಡೆಗೊರಗಿ ಫ್ಲಾಸ್ಕ್ ಹಿಡಿದು ನಿಂತಿದ್ದ ಸೊಸೆ ಆ ಬೆರಳುಗಳನ್ನು ನೋಡುತ್ತಿದ್ದಳು. ಈಗ ಹೇಳು, ಈಗ ಹೇಳು ಎಂದು ಒಳಗಿನಿಂದ ಯಾರೋ ತಿವಿದರು. ಅಷ್ಟರಲ್ಲಿ ನರ್ಸು ಬಂದು ಬಿಸಿನೀರು ಕೇಳಿದಳು, ಸೊಸೆ ಅವಳ ಹಿಂದೆ ಹೋದಳು. ಹೋಗಬಹುದಾದ ಕಡೆ ಸಿಕ್ಕಿದ್ದಕ್ಕೆ ಅವಳಿಗೆ ಸಮಾಧಾನವೇ ಆಯಿತು, ಸುಳ್ಳೇಕೆ.

ಮಾವ ಬದುಕಿಕೊಂಡರು. ಮನೆಗೆ ಬಂದಾಗ ಇಳಿದುಹೋಗಿದ್ದರು, ಮಂಚದಿಂದ ಬಾಗಿಲಿಗೆ ಬರಲು ಗೋಡೆ ಹಿಡಿಯಬೇಕಾಗಿತ್ತು. ಮನೆಯ ವ್ಯವಸ್ಥೆ ಬದಲಾಯಿತು. ಮಾತ್ರೆ ಕೊಡುವ ಕೆಲಸ ಸೊಸೆಗೆ ಬಂತು. ಅದರ ಹಿಂದೆಯೇ ಒಲೆ, ಉಗ್ರಾಣ, ಏನು ಅಡುಗೆ ಎಂಬ ತೀರ್ಮಾನ, ಎಲ್ಲವೂ ಬಂದವು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಅದು ಇಷ್ಟು ಬೇಗ ಬರುತ್ತದೆಂದು ಅವಳು ಕನಸಲ್ಲೂ ಎಣಿಸಿರಲಿಲ್ಲ. ಮೊದಲೆರಡು ದಿನ ಅದು ಅವಳಿಗೆ ಹಿತವಾಗಿತ್ತು ಕೂಡ. ಉಪ್ಪು ತನ್ನ ಅಳತೆಯಲ್ಲಿ, ಖಾರ ತನ್ನ ಅಳತೆಯಲ್ಲಿ, ಯಾರೂ ಮುಚ್ಚಳ ಬಡಿಯುವವರಿಲ್ಲ.

ಆಮೇಲೆ ಅತ್ತೆಯನ್ನು ನೋಡುವುದು ಕಷ್ಟವಾಗುತ್ತ ಬಂತು. ಬಾಗಿಲಿಗೆ ಬೀಗ ಹಾಕಿ ಗೇಟಿನವರೆಗೆ ಬಂದವರು ತಿರುಗಿ ಹೋಗಿ ಬೀಗ ಜಗ್ಗಿ ನೋಡುವರು. ಮತ್ತೆ ಗೇಟಿಗೆ ಬಂದು ಮತ್ತೆ ಹೋಗುವರು. ಸ್ನಾನ ಮಾಡಿ ಬಂದು, ನಲ್ಲಿ ನಿಲ್ಲಿಸಿದೆನೋ ಇಲ್ಲವೋ ಎಂದು ಕಿವಿಗೊಟ್ಟು ನಿಲ್ಲುವರು. ಗಂಡ ಅವರೊಂದಿಗೆ ದೊಡ್ಡ ದನಿಯಲ್ಲಿ, ಬಿಡಿಸಿ ಬಿಡಿಸಿ ಮಾತಾಡತೊಡಗಿದ, ಅವರ ಕಿವಿಗೇನೋ ಆಗಿದೆ ಎಂಬಂತೆ. ನಾದಿನಿ ಮರೆವಿನ ಡಾಕ್ಟರೊಬ್ಬರ ವಿಳಾಸ ತಂದಿಟ್ಟಳು. ಇದಾವುದಕ್ಕೂ ಅತ್ತೆ ಎದುರಾಡಲಿಲ್ಲ. ಎದುರಾಡಿದ್ದರೆ ಸೊಸೆ ತಡೆದುಕೊಳ್ಳುತ್ತಿದ್ದಳೇನೋ.

"ಒಲೆ ಆರಿಸಿದೆನಾ ನಾನು?" ಎಂದು ಅತ್ತೆ ಊಟದ ನಡುವೆ ಏಳುವರು.

"ಕೂತ್ಕೊಳ್ಳಿ ಅತ್ತೆ, ನಾನು ನೋಡ್ಕೋತೀನಿ ಬಿಡಿ," ಎಂದು ಸೊಸೆ ಅವರ ಕೈಹಿಡಿದು ಕೂರಿಸುವಳು. ಮೆತ್ತಗೆ ಹೇಳುವಳು, ಎಂದೂ ಇಲ್ಲದಷ್ಟು ಮೆತ್ತಗೆ.

ಒಂದು ರಜೆಯ ಮಧ್ಯಾಹ್ನ ಅತ್ತೆ ಸೊಪ್ಪಿನ ಕಟ್ಟು ಬಿಚ್ಚಿಕೊಂಡು ಕೂತರು. "ಇಷ್ಟಾದ್ರೂ ಮಾಡ್ತೀನಿ ಕೊಡು," ಎಂದು ಕೇಳಿ ಇಸಿದುಕೊಂಡಿದ್ದರು. ಒಂದು ಎಲೆ ಚಿವುಟಿದರು. ಕೈಯಲ್ಲಿ ಹಿಡಿದುಕೊಂಡೇ ಸುಮ್ಮನೆ ಕೂತರು.

"ಅವರಿಗೆ ಯಾವುದು ಕೊಡೋದು ನಾವು? ಎಲೆಯೋ, ದಂಟೋ?"

ಸೊಸೆ ಕೈಲಿದ್ದ ಪಾತ್ರೆ ಕೆಳಗಿಟ್ಟಳು. ಅತ್ತೆಯ ಎದುರು ನೆಲದ ಮೇಲೆ ಕುಸಿದಳು. ಶೆಡ್ಡಿನ ಎಲೆ, ಮಹಡಿಯ ಬಟ್ಟೆ, ಬೇಳೆಗೆ ಕಲಸಿದ್ದು, ಹೆದರಿ ನಿಲ್ಲಿಸಿದ್ದು, ಎಲ್ಲವನ್ನೂ ಉಸಿರು ತೆಗೆದುಕೊಳ್ಳದೆ ಹೇಳಿದಳು. "ನೀವು ಮರೆತಿಲ್ಲ ಅತ್ತೆ. ಮಾತ್ರೆ ಸರಿಯಾಗೇ ಕೊಟ್ಟಿದ್ದೀರ. ಮಾಡಿದ್ದೆಲ್ಲ ನಾನು."

ಅತ್ತೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅವಳ ಕೆನ್ನೆ ಸವರಿದರು.

"ನನ್ನ ಸಮಾಧಾನಕ್ಕೆ ಅಂತ ಎಷ್ಟು ದೊಡ್ಡ ಸುಳ್ಳು ಹೇಳ್ತೀಯಮ್ಮ. ತಪ್ಪು ನಿನ್ನ ತಲೆ ಮೇಲೆ ಹಾಕ್ಕೊಳ್ತಿದ್ದೀಯ."

"ಸುಳ್ಳಲ್ಲ ಅತ್ತೆ, ನಿಜವಾಗ್ಲೂ..."

"ಗೊತ್ತು ಬಿಡು. ಒಳ್ಳೇವಳು ನೀನು. ನಾನೇ ನಿನ್ನನ್ನ ಸರಿಯಾಗಿ ತಿಳ್ಕೊಳ್ಳಲಿಲ್ಲ." ಅತ್ತೆಯ ಕಣ್ಣು ತುಂಬಿತ್ತು. ಈ ಮನೆಗೆ ಬಂದಂದಿನಿಂದ ಸೊಸೆ ಅವರ ಬಾಯಿಂದ ಕೇಳಲು ಕಾದಿದ್ದ ಮಾತು ಅದು.

ಸಂಜೆ ಗಂಡನಿಗೆ ಹೇಳಿದಳು. ಅವನು ನಂಬಿದ. ಚಹಾದ ಲೋಟ ಕೆಳಗಿಟ್ಟ. "ನನ್ನ ಹತ್ರ ಕೂಡ ಹೇಳಲಿಲ್ಲ ನೀನು," ಎಂದ. ಆಮೇಲೆ ಬಾಗಿಲು ಮುಂದೆ ಮಾಡಿ ಬಂದ. "ಆಗಿದ್ದು ಆಗ್ಹೋಯ್ತು. ಅಪ್ಪ ಚೆನ್ನಾಗಿದ್ದಾರೆ. ನನ್ನ ತಂಗಿಗೆ ಗೊತ್ತಾದ್ರೆ ನಿನ್ನನ್ನ ಈ ಮನೇಲಿ ನಿಲ್ಲೋಕೆ ಬಿಡಲ್ಲ. ಬಾಯಿ ಮುಚ್ಕೊಂಡಿರು."

"ಅತ್ತೆ?"

"ಅಮ್ಮನಿಗೂ ವಯಸ್ಸಾಯ್ತಲ್ಲ. ಇವತ್ತಲ್ಲ ನಾಳೆ ಬಿಟ್ಟುಕೊಡಬೇಕಾದ್ದೇ."

ಹೇಳಿದ ಮೇಲೂ ಹಗುರವಾಗದ ಪಾಪ ಇರುತ್ತದೆಂದು ಅವಳಿಗೆ ಅವತ್ತು ಗೊತ್ತಾಯಿತು. ಒಬ್ಬರು ನಂಬಲಿಲ್ಲ, ಇನ್ನೊಬ್ಬರು ನಂಬಿ ಮುಚ್ಚಿಡು ಎಂದರು. ಗಂಡ ತೋರಿಸಿದ ದಾರಿ ಸುಲಭವಾಗಿತ್ತು. ಅವಳು ಕೆಲವು ದಿನ ಆ ದಾರಿಯಲ್ಲೇ ನಡೆದಳು.

ಮತ್ತೆ ರಕ್ತಪರೀಕ್ಷೆಯ ದಿನ ಬಂತು. ಈ ಸಲ ಮಾತ್ರೆಯ ಜವಾಬ್ದಾರಿ ಅವಳದಾದ್ದರಿಂದ ಅವಳೂ ಹೋಗಬೇಕಾಯಿತು. ನಾಲ್ವರೂ ಡಾಕ್ಟರ ಕೋಣೆಯಲ್ಲಿ ಕೂತರು. ಮಾವನನ್ನು ಮೊದಲಿನಿಂದ ನೋಡುತ್ತಿದ್ದ ಹಳೆಯ ಡಾಕ್ಟರು ಕನ್ನಡಕ ಏರಿಸಿ, ಎಂದಿನಂತೆ ಅತ್ತೆಯ ಕಡೆ ತಿರುಗಿದರು.

"ಊಟದಲ್ಲಿ ಏನಾದ್ರೂ ವ್ಯತ್ಯಾಸ ಆಯ್ತೇನಮ್ಮ?"

ಅತ್ತೆ ಸೆರಗು ಬಿಗಿಹಿಡಿದರು. "ನನ್ನನ್ನ ಕೇಳಬೇಡಿ ಡಾಕ್ಟ್ರೆ. ನನಗೀಗ ಏನೂ ನೆನಪಿರಲ್ಲ. ನನ್ನ ಸೊಸೇನ ಕೇಳಿ, ಅವಳು ಸರಿಯಾಗಿ ಹೇಳ್ತಾಳೆ."

ಗಂಡ ಮೇಜಿನ ಕೆಳಗೆ ಅವಳ ಕಾಲನ್ನು ಒತ್ತಿದ. ಸೊಸೆ ಕಾಲು ಹಿಂದಕ್ಕೆಳೆದುಕೊಂಡಳು.

"ವ್ಯತ್ಯಾಸ ಆಗಿತ್ತು," ಎಂದಳು. "ನಾನು ಕದ್ದು ಎಲೆ ತಿನ್ನಿಸ್ತಿದ್ದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ಯಾವಾಗಿನಿಂದ, ಎಷ್ಟು, ಯಾವಾಗ ನಿಲ್ಲಿಸಿದ್ದು, ಒಂದೊಂದಾಗಿ ಕೇಳಿದರು. ಅವಳು ಒಂದೊಂದಾಗಿ ಹೇಳಿದಳು. ಅತ್ತೆ ಅನುಕಂಪದಿಂದ ತಲೆಯಾಡಿಸಿ, "ನನಗೋಸ್ಕರ ಹಾಗೆ ಹೇಳ್ತಾಳೆ," ಎನ್ನಲು ಹೊರಟರು. ಅಷ್ಟರಲ್ಲಿ ಮಾವ ಮಾತಾಡಿದರು.

"ಹೌದು, ಬೇಳೆಯಲ್ಲಿ ಎಲೆ ಇತ್ತು. ಸ್ವಲ್ಪ ದಿನ ಇತ್ತು, ಆಮೇಲೆ ನಿಂತೋಯ್ತು." ಹೆಂಡತಿಯ ಕಡೆ ತಿರುಗಿದರು. "ನೀನೇ ಹಾಕಿಸಿದ್ದೀಯ ಅಂದ್ಕೊಂಡೆ ಕಣೇ. ಪಾಪ, ಆಸೆಪಡ್ತಾರೆ ಅಂತ ಮನಸು ಕರಗಿರಬೇಕು ಅಂತ. ಕೇಳಿದ್ರೆ ಎಲ್ಲಿ ನಿಲ್ಲಿಸಿಬಿಡ್ತೀಯೋ ಅಂತ ಸುಮ್ಮನಿದ್ದೆ."

ಡಾಕ್ಟರು ಎರಡು ತಿಂಗಳ ರಿಪೋರ್ಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. "ಲೆಕ್ಕ ಸರಿಹೋಗುತ್ತೆ," ಎಂದರು. "ಎಲೆ ಇದ್ದಾಗ ರಕ್ತ ಗಟ್ಟಿ, ನಾನು ಮಾತ್ರೆ ಏರಿಸ್ದೆ. ಎಲೆ ನಿಂತಾಗ ಮಾತ್ರೆ ಹೆಚ್ಚಾಯ್ತು. ದಂಟಲ್ಲಿ ಆ ಅಂಶ ತುಂಬ ಕಮ್ಮಿ ಇರುತ್ತೆ. ಎಲೆ ವಿಷ ಅಲ್ಲಮ್ಮ, ಅಳತೆ ಏರಿಳಿದ್ರೆ ಕಷ್ಟ." ಆಮೇಲೆ ಅತ್ತೆಗೆ, "ನೀವು ಮಾತ್ರೆ ತಪ್ಪಿಸಿಲ್ಲ. ನಿಮ್ಮ ನೆನಪಿಗೆ ಏನೂ ಆಗಿಲ್ಲ," ಎಂದರು.

ಅತ್ತೆ ಕೈಮುಗಿದು ಎದ್ದರು.

ಗಂಡ ಮಾವನನ್ನು ಕರೆದುಕೊಂಡು ಔಷಧಿ ಕೊಳ್ಳಲು ಸಾಲಿನಲ್ಲಿ ನಿಂತ. ಅತ್ತೆಯೂ ಸೊಸೆಯೂ ಹೊರಗಿನ ಸಿಮೆಂಟ್ ಕಟ್ಟೆಯ ಮೇಲೆ ಕೂತರು, ನಡುವೆ ಚೀಲ. ರಸ್ತೆಯಲ್ಲಿ ಬಸ್ಸುಗಳು ಹೋಗುತ್ತಿದ್ದವು. ಸೊಸೆ ಕಾದಳು. ಅತ್ತೆ ರಸ್ತೆಯನ್ನೇ ನೋಡುತ್ತಿದ್ದರು.

"ಬೈಯಿರಿ ಅತ್ತೆ," ಎಂದಳು ಕೊನೆಗೆ.

"ಎಲೆ ಹಾಕಿದ್ದಕ್ಕೆ ಬೈಯಲಾ? ಅವರ ಮೇಲೆ ಪ್ರೀತಿ, ನನ್ನ ಮೇಲೆ ಹಟ, ಎರಡೂ ಸೇರಿಸಿ ಹಾಕಿದೆ. ನಾನೂ ಸೊಸೆಯಾಗಿದ್ದವಳೇ, ಅರ್ಥ ಆಗುತ್ತೆ. ಯಾಕೆ ಅಂತ ಬಾಯಿಬಿಟ್ಟು ಹೇಳದೆ ಇದ್ದಿದ್ದು ನನ್ನ ತಪ್ಪು." ಅತ್ತೆಯ ದನಿ ಏರಲಿಲ್ಲ. "ಹೆದರಿ ಸುಮ್ಮನಾದೆ. ಅದೂ ಆಯ್ತು ಅನ್ನು. ಆದ್ರೆ ನಾನು ಬೀಗ ಹಾಕಿ ಹಾಕಿ ತಿರುಗಿ ನೋಡ್ತಿದ್ದೆನಲ್ಲ, ನೋಡ್ತಾ ನಿಂತಿದ್ದೆಯಲ್ಲ ನೀನು. ಬುದ್ಧಿ ಹೋಯ್ತು ನಂಗೆ ಅಂತ ಹೊದ್ದುಕೊಂಡು ಅಳ್ತಿದ್ದೆ ಕಣೇ. ಬೆಳಿಗ್ಗೆ ಎದ್ರೆ ನೀನು ಕೈಹಿಡಿದು ಮೆತ್ತಗೆ 'ಬಿಡಿ ಅತ್ತೆ, ನಾನು ನೋಡ್ಕೋತೀನಿ' ಅಂತಿದ್ದೆ. ಆ ಮೆತ್ತಗಿನ ಮಾತನ್ನ ಎಲ್ಲಿಟ್ಟುಕೊಳ್ಳಲಿ ನಾನು?"

ಸೊಸೆಗೆ ಅಳು ತಡೆಯಲಾಗಲಿಲ್ಲ. "ಅವತ್ತು ಅಡುಗೆಮನೇಲಿ ಹೇಳಿದ್ದೆ ಅತ್ತೆ..."

"ಹೇಳ್ದೆ. ನಂಬಬೇಕಾದ್ರೆ ನನ್ನ ಮೇಲೆ ನಂಗೆ ನಂಬಿಕೆ ಉಳಿದಿರಬೇಕಿತ್ತಲ್ಲ."

"ತಪ್ಪಾಯ್ತು. ಎರಡೇಟು ಹೊಡೆದುಬಿಡಿ. ಬೈದಾದ್ರೂ ಬಿಡಿ ಅತ್ತೆ."

ಔಷಧಿಯ ಪೊಟ್ಟಣ ಹಿಡಿದು ಗಂಡ ಬರುತ್ತಿದ್ದ, ಮಾವ ಅವನ ತೋಳು ಹಿಡಿದಿದ್ದರು. ಅತ್ತೆ ಸೀರೆಯ ನಿರಿಗೆ ಸರಿಮಾಡಿಕೊಂಡು ಎದ್ದರು.

"ಬೈದ್ರೆ ನಿನಗೆ ಹಗುರ ಆಗಿಬಿಡುತ್ತೆ," ಎಂದರು. "ಸ್ವಲ್ಪ ದಿನ ಹೊತ್ಕೋ. ನಾನು ಹೊತ್ತಿಲ್ವಾ."

ಮುಂದೆ ಹೋಗಿ ಮಾವನ ಇನ್ನೊಂದು ತೋಳು ಹಿಡಿದುಕೊಂಡರು. ಮೂವರೂ ಬಸ್ ಸ್ಟಾಪಿನ ಕಡೆ ನಿಧಾನವಾಗಿ ನಡೆದರು. ಸೊಸೆ ಚೀಲ ಎತ್ತಿಕೊಂಡು ಹಿಂದೆ ಹೊರಟಳು.